ಓವರ್‌ಕ್ಲಾಕ್ ಕಲಿಸಿದ ಅಕ್ಕ

ವಾರದಲ್ಲಿ ಆರು ದಿನ ಅಕ್ಕನ ಕೈಯಲ್ಲಿ ಬಳೆ ಇರುತ್ತಿರಲಿಲ್ಲ. ಬಿಸಿಲಿಗೆ ಕಪ್ಪಾದ ತೋಳಿನ ಕೊನೆಯಲ್ಲಿ ಬಳೆಯ ಹಳೆಯ ಗುರುತು ಮಾತ್ರ, ತೆಳ್ಳಗೆ, ಬೆಳ್ಳಗೆ. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ ಅವಳದು. ಅಲ್ಲಿಗೆ ಬಳೆ ತೊಟ್ಟು ಹೋಗುವಂತಿರಲಿಲ್ಲ. ಭಾನುವಾರ ತಲೆಸ್ನಾನ ಮಾಡಿ, ಹಸಿರು ಗಾಜಿನ ಬಳೆ ತೊಟ್ಟು ತಾರಸಿಗೆ ಬಂದಳೆಂದರೆ ಬೇರೆಯೇ ಹೆಂಗಸು.

ಸಿಂಗಸಂದ್ರದ ಆ ವಠಾರದಲ್ಲಿ ಅವಳದು ಮೇಲಿನ ಕೋಣೆ, ನನ್ನದು ಕೆಳಗಿನದು. ಅವಳು ಕೊಪ್ಪಳದ ಕಡೆಯವಳು, ಸಂಬಂಧವೇನಿಲ್ಲ, ನಾನು ಅಕ್ಕ ಎನ್ನುತ್ತಿದ್ದೆ ಅಷ್ಟೆ. ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಬದುಕುತ್ತಿದ್ದೆ. ನನ್ನ ಕಂಪ್ಯೂಟರ್ ಒಂದು ಮದುವೆ ಮುಗಿಸುವಷ್ಟರಲ್ಲಿ ಇನ್ನೆರಡು ಮದುವೆ ಆಗಿಹೋಗಿರುತ್ತಿದ್ದವು. ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ ಎಂದು ಎಲ್ಲೋ ಓದಿ ಅವಳನ್ನು ಕೇಳಿದೆ.

“ಮಾಡೂಣಂತ. ಮೊದಲ ಇದರಾಗ ಇರೋದೆಲ್ಲಾ ಬ್ಯಾರೆ ಡಿಸ್ಕಿಗೆ ಹಾಕು.”

“ಆಮೇಲೆ ಹಾಕ್ತೀನಿ ಬಿಡಕ್ಕಾ.”

“ಹಂಗಾರ ನಾನೂ ಆಮ್ಯಾಲೆ ಬರ್ತೀನಿ.” ಎದ್ದು ಹೋಗೇಬಿಟ್ಟಳು.

ಮುಂದಿನ ಭಾನುವಾರ, ನಾನು ಎಲ್ಲ ಹಾಕಿಟ್ಟ ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಬಳೆ ಕಳಚಿ ನನ್ನ ದಿಂಬಿನ ಮೇಲಿಟ್ಟಳು. ಕಂಪ್ಯೂಟರ್ ಬಿಚ್ಚಿ ಅದರ ಫ್ಯಾನಿನ ಧೂಳನ್ನು ಬಣ್ಣದ ಕುಂಚದಿಂದ ತೆಗೆದಳು. ಪ್ರೊಸೆಸರಿನ ಮೇಲೆ ಒಣಗಿದ್ದ, ಶಾಖ ಎಳೆಯುವ ಪೇಸ್ಟ್ ಒರೆಸಿ ಬಟಾಣಿಗಿಂತ ಚಿಕ್ಕದಾಗಿ ಹೊಸದನ್ನಿಟ್ಟಳು. ಆಮೇಲೆ ಸೆಟ್ಟಿಂಗಿಗೆ ಹೋಗಿ ವೇಗವನ್ನು ಒಂದೇ ಒಂದು ಮೆಟ್ಟಿಲು ಏರಿಸಿ, ವೋಲ್ಟೇಜ್ ಎಂಬ ಸಾಲಿನ ಮೇಲೆ ಬೆರಳಿಟ್ಟು, “ಇದರ ಗೊಡವಿಗೆ ಹೋಗಬ್ಯಾಡ” ಅಂದಳು.

ಕಂಪ್ಯೂಟರ್ ಆನ್ ಆಯಿತು. ನಾನು ಚಪ್ಪಾಳೆ ತಟ್ಟಿದೆ.

“ಆನ್ ಆದ ಕೂಡಲೇ ಪಾಸ್ ಆತೇನ ತಂಗಿ? ದುಡಿಸಿ ನೋಡಬೇಕು.”

ಪರೀಕ್ಷೆಯ ಪ್ರೋಗ್ರಾಂ ಹಚ್ಚಿದಳು. ಶಾಖದ ಅಂಕಿ ಮೆಲ್ಲಗೆ ಏರಿ, ಅರವತ್ತರ ಹತ್ತಿರ ನಿಂತು, ತೂಕಡಿಸುವವರ ತಲೆಯಂತೆ ಮೇಲೆ ಕೆಳಗೆ ಆಡತೊಡಗಿತು. ಎಪ್ಪತ್ತು ದಾಟಿದರೆ ನಿಲ್ಲಿಸು ಎಂದಿದ್ದಳು. ಆ ಇಡೀ ಹಗಲು ನಾವು ಏನೂ ಮಾಡಲಿಲ್ಲ. ಕಿಟಕಿಯಾಚೆ ಒಗೆದ ಬಟ್ಟೆಗಳು ಉಬ್ಬಿ ಇಳಿಯುತ್ತಿದ್ದವು. ಹೊಸೂರು ರಸ್ತೆಯ ಸದ್ದು ದೂರದಿಂದ, ನೀರಿನೊಳಗಿಂದ ಕೇಳಿದ ಹಾಗೆ ಬರುತ್ತಿತ್ತು. ಅಕ್ಕ ಗೋಡೆಗೊರಗಿ, ಕಣ್ಣು ಮುಚ್ಚಿ, ಫ್ಯಾನಿನ ಗುಂಯ್‌ಗುಡುವಿಕೆ ಕೇಳುತ್ತಿದ್ದಳು. ನಿದ್ದೆ ಬಂದಿದೆ ಎಂದುಕೊಂಡರೆ, “ಚಲೋ ಓಡಾಕತ್ತೈತಿ” ಅನ್ನುವಳು. ಅಷ್ಟು ನೆಮ್ಮದಿಯ ಹಗಲು ನನಗೆ ಆಮೇಲೆ ಹೆಚ್ಚು ಸಿಕ್ಕಿಲ್ಲ.

ಎರಡು ಭಾನುವಾರದಲ್ಲಿ ಎರಡು ಮೆಟ್ಟಿಲು. ಅಷ್ಟರಲ್ಲಿ, ಒಂದು ಬುಧವಾರ, ಎರಡು ತಿಂಗಳಿಂದ ವಿಡಿಯೋಗೆ ಕಾಯುತ್ತಿದ್ದ ಒಬ್ಬಳು ಮದುಮಗಳು ಫೋನ್ ಮಾಡಿದಳು. ಅವಳ ಅಜ್ಜಿ ಹಾಸಿಗೆ ಹಿಡಿದಿದ್ದರು. ಮದುವೆ ನೋಡಬೇಕು ಅನ್ನುತ್ತಿದ್ದರು. “ಶನಿವಾರದೊಳಗೆ ಕೊಡಿ ಮೇಡಂ, ಆಮೇಲೆ ಹೇಗೋ ಏನೋ.”

ನಾನು ಒಂದೇ ಸಲ ನಾಲ್ಕು ಮೆಟ್ಟಿಲು ಹಾರಿದೆ. ವೋಲ್ಟೇಜನ್ನೂ ಮುಟ್ಟಿದೆ. ಧಾರೆಯ ದೃಶ್ಯದ ನಡುವೆ ಪರದೆ ಗಕ್ಕನೆ ನಿಂತು ಕಪ್ಪಾಯಿತು. ಮತ್ತೆ ಆನ್ ಆಗಲೇ ಇಲ್ಲ.

ಸಂಜೆ ಅಕ್ಕ ಬಂದಾಗ ನಾನು ಅಳುತ್ತಿದ್ದೆ. ಬೈಯುತ್ತಾಳೆಂದು ಕಾದೆ. ಅವಳು ವೈರ್ ಕಿತ್ತು, ಬೋರ್ಡಿನ ಮೇಲಿದ್ದ ನಾಣ್ಯದಂಥ ಬ್ಯಾಟರಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. “ಹಿಡ್ಕೊಂಡು ಕುಂದ್ರು. ಮಾಡಿದ್ದೆಲ್ಲಾ ಮರೀಲಿ ಅದು.” ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ವಾಪಸ್ ಹಾಕಿದಳು. ಪರದೆ ಬೆಳಗಿತು.

ಆ ಮದುವೆಯ ಫೈಲುಗಳು ಮಾತ್ರ, ಎಡಿಟ್ ಮಾಡಿದ್ದೂ ಮೂಲದ್ದೂ, ತೆರೆಯಲಿಲ್ಲ. ಆದರೆ ಅವಳು ಹಟ ಹಿಡಿದು ಮಾಡಿಸಿದ್ದ ಪ್ರತಿಯಲ್ಲಿ ಇಡೀ ಮದುವೆ ಹಾಗೇ ಇತ್ತು. ಮರುದಿನ ಅಕ್ಕ ರಜೆ ಹಾಕಿದಳು. ಅವಳು ಸುಮ್ಮನೆ ರಜೆ ಹಾಕುವವಳಲ್ಲ. ನನ್ನ ಪಕ್ಕ ಕುಳಿತು ಶಾಖದ ಅಂಕಿ ಕಾದಳು. ನಾನು ಹಳೆಯ ಎರಡೇ ಮೆಟ್ಟಿಲಿನಲ್ಲಿ ಮೊದಲಿನಿಂದ ಎಲ್ಲ ಜೋಡಿಸಿದೆ. ಶನಿವಾರ ಅಜ್ಜಿ ಮದುವೆಯನ್ನು ಎರಡು ಸಲ ನೋಡಿದರಂತೆ.

ಕಾರ್ಖಾನೆ ಬೇರೆಡೆ ಹೋದಾಗ ಅಕ್ಕ ಊರಿಗೆ ಹೊರಟುಹೋದಳು. ಕೆಲವು ವರ್ಷಗಳ ಮೇಲೆ ಅವಳ ತಮ್ಮ ಫೋನ್ ಮಾಡಿದ. “ಅಕ್ಕ ತೀರಿಕೊಂಡು ಹದಿನೈದು ದಿನಾ ಆತ್ರೀ. ನೀವು ವಿಡಿಯೋ ಮಾಡ್ತಿದ್ರಂತ. ಅಕೀದು ಏನರ ಐತೇನ್ರಿ?”

ಇದ್ದ ಡಿಸ್ಕುಗಳನ್ನೆಲ್ಲ ಹುಡುಕಿದೆ. ಯಾರ್ಯಾರದೋ ಮದುವೆ, ಯಾರ್ಯಾರದೋ ನಗು. ಎರಡು ವರ್ಷ ಒಂದೇ ಮನೆಯ ಮೇಲೆ ಕೆಳಗೆ ಇದ್ದು, ಒಮ್ಮೆಯೂ ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿರಲಿಲ್ಲ. ಇಲ್ಲ ಎಂದು ಹೇಳಲು ನನಗೆ ಮೂರು ದಿನ ಬೇಕಾಯಿತು.

ತಮ್ಮ ಫೋನನ್ನು ಪಕ್ಕದಲ್ಲಿದ್ದವರಿಗೆ ಕೊಟ್ಟ. ಆಮೇಲೆ ವಯಸ್ಸಾದ ಹೆಂಗಸಿನ ದನಿ, ಅಕ್ಕನ ತಾಯಿಯದು. “ಇರ್ಲಿ ಬಿಡವಾ. ಅಲ್ಲಿ ಹೆಂಗಿದ್ಲು, ಬಾಯಿಲೇನ ಹೇಳು.”

ಹೇಳತೊಡಗಿದೆ. ನಾನು ಮಾತು ನಿಲ್ಲಿಸಿದಾಗಲೆಲ್ಲ, “ಹೂಂ, ಮುಂದ?” ಅನ್ನುತ್ತಿದ್ದರು.