ಮದ್ದಿನ ಪಂಪು

ಯಲ್ಲಾಪುರದ ಮನೋಹರ ಒಳ್ಳೆಯ ಮೆಕ್ಯಾನಿಕ್ಕು, ಆದರೆ ವಿಪರೀತ ಅವಸರದ ಪ್ರಾಣಿ. ಮೊದಲು ಸ್ಪಾನರ್ ಹಿಡಿಯುವುದು, ಆಮೇಲೆ ಯೋಚಿಸುವುದು. ಊರಿನವರಿಗೂ ಅದೇ ಇಷ್ಟ, ಗಾಡಿ ಬೇಗ ಸಿಗುತ್ತದಲ್ಲ!

ಆಯುಧಪೂಜೆ ಕಳೆದು ಸ್ವಲ್ಪ ದಿನಕ್ಕೆ ನಂದೊಳ್ಳಿಯ ಗೋವಿಂದ ಹೆಗಡೆಯವರ ಡೀಸೆಲ್ ಕಾರು ಏರಿನಲ್ಲಿ ಹೋಗುತ್ತಿದ್ದ ಹಾಗೇ ಬಂದ್ ಬೀಳತೊಡಗಿತು. ಸ್ಕ್ಯಾನರ್ ಹಚ್ಚಿದರೆ ಡೀಸೆಲ್ ಪ್ರೆಶರ್ ಇಲ್ಲ ಎಂದು ತೋರಿಸಿತು. ಪ್ರೆಶರ್ ಅಳೆಯುವ ಸೆನ್ಸರೇ ಕೆಟ್ಟಿರಬೇಕೆಂದು ಮನೋಹರ ಎಂಜಿನ್ನಿನ ಹಿಂದೆ ಕೈ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ತಡಕಾಡಿ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಕಳಿಸಿದ. ಮರುದಿನವೇ ಹೆಗಡೆಯವರು ಕಾರು ವಾಪಸ್ಸು ತಂದರು. ಮತ್ತೆ ಅದೇ ರಾಮಾಯಣ.

ಮನೋಹರನ ಮುಖ ಸಣ್ಣದಾಯಿತು. ಎಂಜಿನ್ ಚಾಲೂ ಇಟ್ಟು, ಸ್ಕ್ಯಾನರ್ ಮೇಲೆ ಕಣ್ಣು ನೆಟ್ಟು, ಸೆನ್ಸರಿನ ವೈರನ್ನು ಮೆಲ್ಲಗೆ ಅಲುಗಿಸಿದ. ಅಂಕಿ ಸೊನ್ನೆಗೆ ಬಿತ್ತು, ಎಂಜಿನ್ ನಿಂತಿತು. ಡೀಸೆಲ್ಲಿಗೂ ಏನಾಗಿರಲಿಲ್ಲ, ಸೆನ್ಸರಿಗೂ ಏನಾಗಿರಲಿಲ್ಲ. ಸುದ್ದಿ ಮುಟ್ಟಿಸುವ ದಾರಿಯೇ ಕೆಟ್ಟಿತ್ತು. ವೈರಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ಒಳಗಿನ ಪಿನ್ನುಗಳಿಗೆಲ್ಲ ನೀಲಿ ಹಸಿರು ಕಿಲುಬು.

ಅಡಿಕೆ ಸೀಮೆಯವನಿಗೆ ಆ ಬಣ್ಣವನ್ನು ಯಾರೂ ಹೇಳಿಕೊಡಬೇಕಿಲ್ಲ. ಮೈಲುತುತ್ತು! ಮಳೆಗಾಲವಿಡೀ ಅಡಿಕೆಯ ಕೊಳೆರೋಗಕ್ಕೆ ಆ ಮದ್ದನ್ನೇ ಹೊಡೆದ ಹೆಗಡೆಯವರ ಪಂಪನ್ನೇ ಅವನು ಪೂಜೆಗೆ ಗಾಡಿ ತೊಳೆಯಲು ಇಸಿದುಕೊಂಡಿದ್ದ. ತಳದಲ್ಲಿ ಉಳಿದ ಮದ್ದು ಚೆಲ್ಲಿ ಪಂಪು ತೊಳೆಯುವಷ್ಟು ವ್ಯವಧಾನ ಎಲ್ಲಿಂದ ಬರಬೇಕು ಆ ಪುಣ್ಯಾತ್ಮನಿಗೆ? ಬಾನೆಟ್ ಎತ್ತಿ ಬುಸ್ಸೆಂದು ಹೊಡೆದೇಬಿಟ್ಟಿದ್ದ.

ಅವತ್ತು ತೊಳೆದದ್ದು ಎರಡು ಗಾಡಿ. ಒಂದು ಹೆಗಡೆಯವರ ಈ ಕಾರು, ಇನ್ನೊಂದು ಅವನ ಹೆಂಡತಿ ದಿವ್ಯಾ ಓಡಿಸುವ ಟೆಂಪೋ. ಅವಳೀಗ ಅಂಕೋಲೆಯಿಂದ ಜನ ತುಂಬಿಕೊಂಡು ಅರಬೈಲ್ ಘಟ್ಟ ಹತ್ತುತ್ತಿರುವ ಹೊತ್ತು.

ಫೋನು ಹತ್ತಲಿಲ್ಲ. ಏರಿನಲ್ಲಿ ಎಂಜಿನ್ ನಿಂತರೆ ಬ್ರೇಕ್ ಒತ್ತಲು ಬಗ್ಗುವುದಿಲ್ಲ, ಹಿಂದೆ ಲಾರಿಗಳ ಸಾಲು. ಪಿನ್ನು ಉಜ್ಜಿ ಪ್ಲಗ್ ಸಿಕ್ಕಿಸುವಷ್ಟರಲ್ಲಿ ಹೆಗಡೆಯವರು ಕೀಲಿಯನ್ನು ಅವನ ಕೈಗೆ ತುರುಕಿದರು. "ಎಂತ ನೋಡ್ತೆ? ನನ್ನ ಕಾರೇ ತಗಂಡು ಹೋಗು."

ಘಟ್ಟದ ಒಂದೊಂದು ತಿರುವಿನಲ್ಲೂ ಅವನು ಮೊದಲು ನೋಡಿದ್ದು ಕೆಳಗಿನ ಕಂದಕವನ್ನು. ಅರ್ಧ ಇಳಿದಾಗ ಬರುವ ಗಾಡಿಗಳ ಎಚ್ಚರಿಕೆಗೆ ರಸ್ತೆಯಲ್ಲಿ ಹಸಿ ಟೊಂಗೆಗಳನ್ನು ಹಾಕಿದ್ದು ಕಂಡಿತು. ಅದರಾಚೆ ಟೆಂಪೋ, ಗುಡ್ಡದ ಬದಿಯ ಗಟಾರಕ್ಕೆ ಹಿಂದಿನ ಗಾಲಿ ಇಳಿಸಿಕೊಂಡು ವಾರೆಯಾಗಿ ನಿಂತಿತ್ತು. ಜನ ಕೆಳಗಿಳಿದಿದ್ದರು. ದಿವ್ಯಾ ಟೈರಿಗೆ ಕಲ್ಲು ಕೊಟ್ಟು ಅಲ್ಲೇ ಕೂತಿದ್ದಳು, ಅಂಗೈ ತರಚಿತ್ತು.

"ನನ್ನದೇ ತಪ್ಪು. ಪಂಪು ತೊಳೀಲಿಲ್ಲ ನಾನು," ಎಂದ.

ಅವಳು ಎದ್ದು ಬಾನೆಟ್ ಎತ್ತಿಕೊಟ್ಟಳು. ಅವನು ಪಿನ್ನುಗಳನ್ನು ಉಜ್ಜಿದ. ಈ ಸಲ ಬ್ಯಾಟರಿ ಬೆಳಕು ಬಿಟ್ಟು ಕಣ್ಣಾರೆ ನೋಡಿದ, ವೈರು ಅಲುಗಿಸಿ ಅಲುಗಿಸಿ ನೋಡಿದ. ಎಂಜಿನ್ ನಿಲ್ಲಲಿಲ್ಲ. ಎಲ್ಲರೂ ಸೇರಿ ಟೆಂಪೋ ನೂಕಿ ರಸ್ತೆಗೆ ತಂದರು.

ಆದರೆ ಒಬ್ಬರೂ ಹತ್ತಲಿಲ್ಲ. ದಿನಾ ಅವಳ ಟೆಂಪೋಕ್ಕೇ ಕಾದು ಕೂರುವವರು ಹಿಂದೆ ಬರುವ ಬಸ್ಸಿಗೆ ಬರುತ್ತೇವೆ ಎಂದು ಮುಖ ಆಚೆ ತಿರುಗಿಸಿದರು. ಮನೋಹರ ಡ್ರೈವರ್ ಸೀಟಿನತ್ತ ಹೋದ. ದಿವ್ಯಾ ಆಗಲೇ ಹತ್ತಿ ಬಾಗಿಲು ಹಾಕಿಕೊಂಡಿದ್ದಳು.

"ನೀವು ಹಿಂದೆ ಬನ್ನಿ," ಎಂದಳು. "ಮತ್ತೆ ನಿಂತ್ರೆ ಕಲ್ಲು ಕೊಡ್ಲಿಕ್ಕೆ ಒಬ್ರು ಬೇಕಲ್ಲ."

ಮನೋಹರ ಆ ಕಲ್ಲನ್ನು ಎತ್ತಿ ಹೆಗಡೆಯವರ ಕಾರಿನ ಸೀಟಿನಲ್ಲಿಟ್ಟುಕೊಂಡು, ಖಾಲಿ ಟೆಂಪೋದ ಹಿಂದೆ ನಿಧಾನಕ್ಕೆ ಘಟ್ಟ ಹತ್ತಿದ.