ಯಂಕವ್ವ ನೋಡಿ ಒಪ್ಪಿದ ಹಾಸ್ಟೆಲ್

ಜಮಖಂಡಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಯಂಕವ್ವನ ಕೈಯಡುಗೆ ಉಂಡು ಓದಿದವರಲ್ಲಿ ನರ್ಸುಗಳಾದವರಿದ್ದಾರೆ, ಶಿಕ್ಷಕಿಯರಾದವರಿದ್ದಾರೆ, ಒಬ್ಬಾಕೆ ಪೊಲೀಸ್ ಫೌಜದಾರಳೂ ಆಗಿದ್ದಾಳೆ. ಅವರು ಪುಸ್ತಕ ಹಿಡಿದು ಕೂತಾಗ ಈಕೆ ಒಲೆಯ ಮುಂದಿದ್ದಳು. ತಾನು ಕಲಿತದ್ದು ಸಹಿ ಮಾಡುವಷ್ಟು ಮಾತ್ರ. ಅದಕ್ಕಾಗಿ ಕೊರಗಿದವಳಲ್ಲ. ಯಾವ ಹುಡುಗಿ ಊಟ ಬಿಟ್ಟಿದ್ದಾಳೆ, ಯಾರಿಗೆ ಮನೆಯ ನೆನಪಾಗಿ ಅಳು ಬಂದಿದೆ ಎಂಬುದು ವಾರ್ಡನ್‌ಗಿಂತ ಮೊದಲು ತನಗೇ ತಿಳಿಯುತ್ತದೆ ಎಂಬ ಸಣ್ಣ ಹೆಮ್ಮೆ ಆಕೆಗಿತ್ತು. ನಿವೃತ್ತಳಾದ ವರ್ಷವೇ ಮೊಮ್ಮಗಳು ಶೀತಲ ಹುಟ್ಟಿದಳು.

ಸೊಸೆ ರಾಧಿಕಾ ನೀರಾವರಿ ಇಲಾಖೆಯಲ್ಲಿ ಎಂಜಿನಿಯರು. ಹಿಪ್ಪರಗಿ ಕಡೆಯ ಕಾಲುವೆಗಳ ಕೆಲಸ. ೨೦೧೨ರ ಮಾರ್ಚಿನಲ್ಲಿ ಇಲಾಖೆ ಆಕೆಯನ್ನು ಬ್ಯಾಂಕಾಕಿನ ಹತ್ತಿರದ ವಿಶ್ವವಿದ್ಯಾಲಯವೊಂದಕ್ಕೆ ಕೆಲವು ವಾರಗಳ ತರಬೇತಿಗೆಂದು ಆರಿಸಿತು. ಕೂಸು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಗಂಡ ಸಿದ್ದಾರ್ಥನಿಗೆ ಬನಹಟ್ಟಿಯ ಬ್ಯಾಂಕಿನಲ್ಲಿ ಕೆಲಸ. ಮಾರ್ಚಿ ತಿಂಗಳಲ್ಲಿ ರಜೆಯ ಮಾತೇ ಇಲ್ಲ. ತನ್ನಿಂದಾಗದು ಎಂದು ಆಫೀಸಿಗೆ ತಿಳಿಸಿಬಿಡುತ್ತೇನೆ ಎಂದು ರಾಧಿಕಾ ಹೇಳಿದಾಗ, ಯಂಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಕೂಸಿನ್ನ ಎತಗೊಂಡ ಅಡ್ಡಾಡಾಕ ಒಬ್ಬರ ಬೇಕು, ಅಷ್ಟ ಹೌದಿಲ್ಲೊ? ನಾ ಬರತೀನಿ.”

“ಅತ್ತಿ, ಇಮಾನದಾಗ ಹೋಗಬೇಕರಿ.”

“ಹೋಗೂಣು. ಅದನ್ನೇನ ನಾನ ನಡಸಬೇಕಾಗೇತೇನು?”

ಹೀಗೆ ಯಂಕವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ವಿಮಾನ ಹತ್ತಿದಳು. ಅಲ್ಲಿ ರಾಧಿಕಾ ತರಗತಿಯಲ್ಲಿರುವಷ್ಟು ಹೊತ್ತು ಈಕೆ ಕೂಸನ್ನು ಎತ್ತಿಕೊಂಡು ಮರಗಳ ನೆರಳಲ್ಲಿ ತಿರುಗುತ್ತಿದ್ದಳು. ನಮ್ಮ ಕಡೆಯದೇ ಬಿಸಿಲು, ನಮ್ಮವೇ ಬಾಳೆಗಿಡ. ಹುಡುಗಿಯರು ಸೈಕಲ್ ಮೇಲೆ ಯಾರ ಹಂಗಿಲ್ಲದೆ ಓಡಾಡುತ್ತಿದ್ದರು.

ಬಿಡುವಿನ ದಿನ ಅಲ್ಲಿಯೇ ಓದುತ್ತಿದ್ದ ನೇಪಾಳದ ಹುಡುಗಿಯೊಬ್ಬಳು ಇವರಿಗೆ ಕ್ಯಾಂಪಸ್ ತೋರಿಸಲು ಬಂದಳು. ಆಕೆಗೆ ಹಿಂದಿ ಬರುತ್ತಿತ್ತು, ಯಂಕವ್ವನಿಗೂ ಸಂತೆಯಲ್ಲಿ ಕಲಿತ ಹಿಂದಿ ಇತ್ತು. ದೊಡ್ಡ ಲೈಬ್ರರಿ, ಸಭಾಂಗಣ, ನೀರು ಹರಿಸಿ ಅಳೆಯುವ ಪ್ರಯೋಗಶಾಲೆ ಎಲ್ಲ ನೋಡಿಯಾಯಿತು. ಯಂಕವ್ವ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಹಾಸ್ಟೆಲ್ಲಿನ ಅಡುಗೆಮನೆ ಎಲ್ಲಿದೆ ಎಂದು ಕೇಳಿದಳು.

ಹುಡುಗಿ ನಗುತ್ತ ಕರೆದೊಯ್ದಳು. ಯಂಕವ್ವ ಪಾತ್ರೆಗಳ ಒಳಮೈ ನೋಡಿದಳು. ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿ ತೆಗೆದಳು. ಅಡುಗೆಯಾಕೆ ಅನ್ನದ ದೊಡ್ಡ ಪಾತ್ರೆಯ ಮುಚ್ಚಳ ಎತ್ತಿ ತೋರಿಸಿದಾಗ ಹಬೆ ಇಬ್ಬರ ಮುಖಕ್ಕೂ ಬಡಿದು, ಇಬ್ಬರೂ ಒಟ್ಟಿಗೇ ಹಿಂದೆ ಸರಿದು ನಕ್ಕರು. ಭಾಷೆ ಬೇಕೇ ಆಗಲಿಲ್ಲ.

ಸಂಸಾರವಂದಿಗರಿಗೆಂದು ಕಟ್ಟಿದ ಸಣ್ಣ ಮನೆಗಳ ಮುಂದೆ ಹಾದುಬರುವಾಗ ಒಬ್ಬ ಮುದುಕಿ ಬಟ್ಟೆ ಒಣಹಾಕುತ್ತಿದ್ದಳು. ಕಾಲಿಗೆ ಜೋತುಬಿದ್ದ ಪುಟ್ಟ ಮೊಮ್ಮಗ. ಬಾಂಗ್ಲಾದೇಶದವಳಂತೆ, ಮಗಳು ಇಲ್ಲಿ ಓದುತ್ತಾಳೆ, ಮಗುವನ್ನು ನೋಡಿಕೊಳ್ಳಲು ತಾಯಿ ಬಂದಿದ್ದಾಳೆ ಎಂದು ಹುಡುಗಿ ವಿವರಿಸಿದಳು. ಯಂಕವ್ವ ಆ ಮನೆಯ ಹೊಸ್ತಿಲವರೆಗೂ ಹೋಗಿ ಒಳಗೆ ಇಣುಕಿ ಬಂದಳು.

ಆಮೇಲೆ ಕೊಳದ ದಂಡೆಯಲ್ಲಿ ಕೂತು ರಾಧಿಕಾ ಮಗುವಿಗೆ ಹಾಲೂಡಿಸುವಾಗ ಮೆಲ್ಲಗೆ ಬಾಯಿಬಿಟ್ಟಳು.

“ಅತ್ತಿ, ಇಲ್ಲಿ ಪ್ರೊಫೆಸರು ನಿನ್ನೆ ಒಂದ ಮಾತ ಅಂದ್ರರಿ. ಎರಡ ವರ್ಷದ ಕೋರ್ಸ್ ಐತಂತ. ಇಲಾಖೆಯವರು ಬಿಟ್ಟಕೊಟ್ರ ಸ್ಕಾಲರ್‌ಶಿಪ್ಪೂ ಸಿಗತೈತಂತ.”

“ನೀ ಏನಂದಿ?”

“ಆಗೂದಿಲ್ಲ ಅಂದ್ನಿರಿ. ಸಣ್ಣ ಕೂಸೈತಿ ಅಂದ್ನಿ.”

“ಯಾರನ್ನ ಕೇಳಿ ಅಂದಿ?”

ರಾಧಿಕಾ ಕೂಸಿನ ತಲೆಯ ಮೇಲೆ ಸೆರಗು ಎಳೆದಳು. ಯಂಕವ್ವ ಬಿಡಲಿಲ್ಲ.

“ಆ ಮುದುಕಿನ್ನ ನೋಡಿದೆಲ್ಲ? ಆಕಿ ಬಂದ ಇಲ್ಲೆ ಮನಿ ಮಾಡ್ಯಾಳ. ನನಗೇನ ಧಾಡಿ?”

“ಅವರು ಮಗಳ ಸಲುವಾಗಿ ಬಂದಾರ್ರಿ.”

“ಮತ್ತ ನೀ ಯಾರ ಬೇ?”

ರಾಧಿಕಾ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಂಕವ್ವ ಕೂಸನ್ನು ತನ್ನ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು. ಅಂದೇ ಮಗನಿಗೆ ಫೋನು ಹಚ್ಚಿಸಿದಳು.

“ಸಿದ್ದಾರ್ಥ, ಹಾಸ್ಟೆಲ್ ನೋಡೀನಿ, ಛಲೋ ಐತಿ. ರಾಧಿಕಾ ಇಲ್ಲೆ ಓದಲಿ. ನಾ ಕೂಸಿನ ಜೋಡಿ ಇರತೀನಿ.”

“ಇಲ್ಲಿ ಅಪ್ಪಾ ಒಬ್ಬನ ಆಕ್ಕಾನಲ್ಲ ಬೇ ಯವ್ವಾ?”

“ಒಬ್ಬ ಹೆಂಗ? ನೀ ಇರೂದಿಲ್ಲೇನು? ಇಬ್ಬರೂ ಕೂಡಿ ಅಡಗಿ ಕಲೀರಿ.”

ಕೋರ್ಟಿನ ಜವಾನನಾಗಿದ್ದು ನಿವೃತ್ತನಾದ ಗಂಡ ದಶರಥ ಹಿಂದಿನಿಂದ ಕೂಗಿದ್ದು ಫೋನಿನಲ್ಲಿ ಕೇಳಿಸಿತು: “ಓದ್ಲಿ ಓದ್ಲಿ, ಬ್ಯಾಡ ಅನಬ್ಯಾಡೋ!”

ಇಲಾಖೆ ಒಪ್ಪಿತು, ಸ್ಕಾಲರ್‌ಶಿಪ್ಪೂ ಸಿಕ್ಕಿತು. ಮರುವರ್ಷ ಮೂವರೂ ಮತ್ತೆ ಹೋದರು. ಅದೇ ಸಾಲಿನ ಸಣ್ಣ ಮನೆಯೊಂದು ಅವರಿಗೆ ಸಿಕ್ಕಿತು. ರಾಧಿಕಾ ಸೈಕಲ್ ಕಲಿತಳು. ಯಂಕವ್ವ ಮಧ್ಯಾಹ್ನದ ಹೊತ್ತು ಅಕ್ಕಪಕ್ಕದ ಮಕ್ಕಳನ್ನೆಲ್ಲ ಕೂಡಿಹಾಕಿಕೊಂಡು ಕೂರುತ್ತಿದ್ದಳು. ಎರಡು ವರ್ಷ ಹೇಗೆ ಹೋಯಿತೋ ತಿಳಿಯಲಿಲ್ಲ. ಓದು ಮುಗಿಸಿ ಪದವಿ ಹಿಡಿದು ಬಂದ ಸೊಸೆ ಮತ್ತೆ ಕಾಲುವೆಯ ಕೆಲಸಕ್ಕೆ ಹಾಜರಾದಳು.

ಜಮಖಂಡಿಗೆ ಬಂದಿಳಿದ ದಿನ, ಅಲ್ಲಿನ ಮಕ್ಕಳ ಜೊತೆ ಮಾತು ಕಲಿತಿದ್ದ ಶೀತಲ ದಶರಥನ ಧೋತರ ಜಗ್ಗಿ, “ಮುತ್ಯಾ, ನಾಮ್! ನಾಮ್!” ಎಂದಳು.

“ಬಂದ ಕೂಡ್ಲೆ ಯಾರಿಗಿ ನಾಮ ಹಾಕಂತೀಯವ್ವಾ?” ಎಂದು ದಶರಥ ಕಣ್ಣು ಕಣ್ಣು ಬಿಟ್ಟ.

“ನೀರ ಬೇಡಾಕತ್ತಾಳ್ರಿ ಆಕಿ, ಅಲ್ಲಿ ಮಾತಿನಾಗ,” ಎನ್ನುತ್ತ ಯಂಕವ್ವ ನಗು ತಡೆಯಲಾರದೆ ತಂಬಿಗೆ ಹಿಡಿದು ಬಂದಳು.