ಹೊಸ ಹೀರೋ ಬಂದ ಮನೆ

“ಖಾಲಾ, ಹೀರೋಯಿನ್ ಸತ್ತಮ್ಯಾಲೂ ಕಥಿ ಮುಂದುವರಸೂದು ತಪ್ಪಲ್ಲೇನ್ರಿ?”

ಜೇವರ್ಗಿಯಲ್ಲಿ ಅಕ್ಕನ ಮಗಳು ಶಾಹೀನ್ ಹೀಗೆ ಕೇಳಿದಾಗ ಚಹಾದ ಕಪ್ ಕೆಳಗಿಟ್ಟೆ. ಅಕ್ಕ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಭಾವ ಮತ್ತೆ ನಿಕಾಹ್ ಆಗಿದ್ದರು. ಹೊಸ ಹೆಂಡತಿ, ಇಜೇರಿಯ ಮೆಹರುನ್ನಿಸಾ, ಮನೆಗೆ ಬಂದು ವಾರವಾಗಿತ್ತು. ನೋಡಿ ಬರೋಣವೆಂದು ನಾನು ಅಫಜಲಪುರದಿಂದ ಬಸ್ ಹತ್ತಿದ್ದೆ. (ನೋಡುವ ಮನಸ್ಸಿತ್ತೇ? ಕೇಳಬೇಡಿ.)

ಶಾಹೀನ್ ಹೇಳುತ್ತಿದ್ದದ್ದು ಮೊಬೈಲಿನಲ್ಲಿ ಓದುವ ಜಪಾನಿ ಕಾಮಿಕ್ಸ್ ಬಗ್ಗೆ. ಮಾಂಗಾ ಅಂತಾರಲ್ಲ, ಅದು. ವರ್ಷಗಟ್ಟಲೆ ನಡೆದಿರುವ ಸರಣಿ. ಭಾಗಕ್ಕೊಬ್ಬರು ನಾಯಕರು. ನಾಯಕರು ಬದಲಾದರೆ ಕಥೆಯ ದನಿಯೇ ಬದಲು. ಮೊದಲ ಭಾಗ ಮಾತು ಕಡಿಮೆಯ ಬಿಲ್ಲುಗಾರ್ತಿಯದು, ಪುಟಪುಟವೂ ಗಂಭೀರ. ಅವಳು ಸತ್ತ ಮೇಲೆ ಬರುವವನು ವಾಚಾಳಿ ಅಡುಗೆಯವ. ಬರೀ ನಗುವಂತೆ, ಓದಿದವರು ಹೇಳುವುದು.

ಅಕ್ಕ ರೊಟ್ಟಿ ಬಡಿಯುವಾಗ ಇವಳು ಪಕ್ಕದಲ್ಲಿ ಕೂತು ಆ ಕಥೆ ಹೇಳುತ್ತಿದ್ದಳು. ಬಿಲ್ಲುಗಾರ್ತಿ ಸತ್ತ ಪುಟವನ್ನು ಹೇಳಿದ್ದು ಮಾತ್ರ ಆಸ್ಪತ್ರೆಯಲ್ಲಿ, ಅಕ್ಕನ ಹಾಸಿಗೆಯ ಪಕ್ಕ. ಆಮೇಲೆ ಓದೇ ಇಲ್ಲ.

“ಮಂದಿ ಎಲ್ಲಾ ಹೊಸಾ ಹೀರೋನೇ ಛಲೋ ಅಂತಾರ್ರಿ. ಅಷ್ಟ್ ಲಗೂನ ಹೆಂಗ ಮರೀತಾರ?”

ಅಡುಗೆಮನೆಯಿಂದ ಮೆಹರುನ್ನಿಸಾ ನಗು ಕೇಳಿಸಿತು. ಫೋನಿನಲ್ಲಿ ಯಾರೊಂದಿಗೋ. ಶಾಹೀನ್ ಮುಖ ಗಂಟಾಯಿತು. “ಈ ಮನ್ಯಾಗ ಯಾರೂ ಹಿಂಗ ನಗ್ತಿರಲಿಲ್ಲ,” ಅಂದಳು. ಜೋರಾಗಿಯೇ.

ನಗು ನಿಂತಿತು. ಮೆಹರುನ್ನಿಸಾ ಬಾಗಿಲಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಇಲ್ಲ. ನೆಲದ ಮೇಲೆ ಕೂತರು.

“ಆ ಕಥಿ ನನಗೂ ಹೇಳ್ತೀಯೇನವಾ? ಮೊದಲಿಂದ?”

ಶಾಹೀನ್ ಮೊಬೈಲನ್ನು ಮಡಿಲಿಗೆ ಸರಿಸಿಕೊಂಡಳು.

“ಮೊದಲಿಂದ ಆಗಂಗಿಲ್ರಿ. ಅದು ಅಮ್ಮೀದು. ಮುಂದಿಂದು ಹೇಳ್ತೇನಿ. ಅದು ನನಗೂ ಗೊತ್ತಿಲ್ಲ.”

ಮೊಬೈಲ್ ತೆಗೆದಳು. ಅಡುಗೆಯವ ರಾಜನ ಸಾರಿಗೆ ಸಕ್ಕರೆ ಸುರಿದ ಪುಟಕ್ಕೆ ಮೆಹರುನ್ನಿಸಾಗೆ ನಗು ಉಕ್ಕಿತು. ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಗ್ರಿ,” ಅಂದಳು ಶಾಹೀನ್, ಕಣ್ಣೊರೆಸಿಕೊಳ್ಳುತ್ತಾ. “ಇದು ನಗಾಕಂತನೇ ಬರದಾರ.”

ಹೊರಟಾಗ ಮೆಹರುನ್ನಿಸಾ ಬಸ್ಸಿನ ತನಕ ಬಂದರು. “ಬರ್ತಾ ಇರ್ರಿ,” ಅಂದರು. ಅಕ್ಕನನ್ನು ನಾನು ‘ಆಪಾ’ ಅನ್ನುತ್ತಿದ್ದೆ. ಅವಳ ಜಾಗಕ್ಕೆ ಬಂದ ಇವರನ್ನೂ ಹಾಗೇ ಕರೆಯುವುದು ರೀತಿ. ಬಾಯಿ ತೆರೆದೆ. ಬರಲಿಲ್ಲ. ಬರೀ ತಲೆಯಾಡಿಸಿ ಬಸ್ ಹತ್ತಿದೆ.

ಮಗಳಿಗೇ ಸಾಧ್ಯವಾದದ್ದು ತಂಗಿಯಾದ ನನಗೇಕೆ ಆಗುತ್ತಿಲ್ಲ?